ಖಾಲಿ ಕಾಲಂ ಮೀಮಾಂಸೆ

ಶಾಸ್ತ್ರಗ್ರಂಥದ ಆರಂಭದಲ್ಲಿ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಹೇಳಬೇಕೆಂಬ ಸಂಪ್ರದಾಯವುಂಟು. ಇಲ್ಲಿ ವಿಷಯವು ಆನ್‌ಲೈನ್ ಅರ್ಜಿಯಲ್ಲಿ ಖಾಲಿ ಉಳಿದ ಕಾಲಂ. ಪ್ರಯೋಜನ, ಸಬ್ಮಿಟ್ ಒತ್ತಿದೊಡನೆ ಮೂಡುವ ಕೆಂಪಕ್ಷರಗಳ ನಿವಾರಣೆ. ಅಧಿಕಾರಿ, ವ್ಯಾಲಿಡೇಶನ್ ಕೋಡ್ ಯಾರ ತಲೆಗೆ ಬಿತ್ತೋ ಅವನು. ಸಾಮಾನ್ಯವಾಗಿ ಟೀಮಿಗೆ ಹೊಸದಾಗಿ ಸೇರಿದ ಹುಡುಗ. ಸಂಬಂಧವನ್ನು ಹೇಳುತ್ತಿಲ್ಲ. ಆ ಕಾಲಂ ಕಡ್ಡಾಯವಲ್ಲ.

ಇಲ್ಲದಿರುವುದನ್ನೂ ಒಂದು ಪದಾರ್ಥವೆಂದು ಲೆಕ್ಕಕ್ಕೆ ಹಿಡಿದವರು ನಮ್ಮ ನೈಯಾಯಿಕರು. ಅಭಾವ ನಾಲ್ಕು ಬಗೆ ಎನ್ನುತ್ತದೆ ಅನ್ನಂಭಟ್ಟನ ತರ್ಕಸಂಗ್ರಹ. ಅರ್ಜಿದಾರ ಇನ್ನೂ ಮುಟ್ಟದ ಕಾಲಂ ಪ್ರಾಗಭಾವ. ಎಲ್ಲ ತುಂಬಿ ಒಟಿಪಿಗೆ ಕಾಯುವಾಗ ಸೆಷನ್ ಮುಗಿದು ಅಳಿಸಿಹೋದದ್ದು ಪ್ರಧ್ವಂಸಾಭಾವ; ಇದರಲ್ಲಿ ಬೈಗುಳದ ಅಂಶ ಹೆಚ್ಚು. ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ: ನಲ್ ಬೇರೆ, ಖಾಲಿ ಸ್ಟ್ರಿಂಗ್ ಬೇರೆ. ಅತ್ಯಂತಾಭಾವದ ಮಾತು ದೊಡ್ಡದು, ಆಮೇಲೆ ಬರೋಣ.

ನಲ್ ಮತ್ತು ಖಾಲಿ ಸ್ಟ್ರಿಂಗ್ ಬೇರೆಯೆಂಬುದನ್ನು ಒಪ್ಪದ ಅದ್ವೈತಿಗಳೂ ಇದ್ದಾರೆ. ಒರಾಕಲ್ ಆ ಪಂಥದ್ದು. ಒಂದಕ್ಷರವೂ ಇಲ್ಲದ ಸ್ಟ್ರಿಂಗ್ ಕೊಟ್ಟರೆ ಅದು ನಲ್ ಆಗಿಯೇ ಕೂರುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಕಟ್ಟಾ ದ್ವೈತಿಗಳು. ಅಲ್ಲಿಂದ ಇಲ್ಲಿಗೆ ಡೇಟಾ ಸಾಗಿಸುವವರು ನಿದ್ದೆಗೆಡುವುದು ಈ ಮತಭೇದದಿಂದಲೇ.

ನಲ್‌ಗೆ ನಲ್ ಸಮವೇ ಎಂದು ಎಸ್‌ಕ್ಯೂಎಲ್ ಅನ್ನು ಕೇಳಿದರೆ ಹೌದೆನ್ನದು, ಅಲ್ಲವೆನ್ನದು, 'ಗೊತ್ತಿಲ್ಲ' ಎನ್ನುತ್ತದೆ. 1970ರಲ್ಲಿ ರಿಲೇಶನಲ್ ಮಾದರಿಯನ್ನು ಕೊಟ್ಟ ಇ. ಎಫ್. ಕಾಡ್ (ಇನ್ನು ಮುಂದೆ ಕಾಡಾಚಾರ್ಯರು) 1979ರ ಪ್ರಬಂಧದಲ್ಲಿ ಈ ಮೂರನೆಯ ಉತ್ತರಕ್ಕೆ ಪೀಠ ಹಾಕಿಕೊಟ್ಟರು. ಅದರ ಫಲವನ್ನು ಹತ್ತಿರದಿಂದ ನೋಡಬೇಕು. 'ಗೊತ್ತಿಲ್ಲ' ಎಂದವನನ್ನು ವೇರ್ ಎಂಬ ಕಾವಲುಗಾರ ಒಳಗೆ ಬಿಡುವುದಿಲ್ಲ. ಚೆಕ್ ಎಂಬವನು 'ಇಲ್ಲ ಅಂತೂ ಅನ್ನಲಿಲ್ಲವಲ್ಲ' ಎಂದು ಬಿಟ್ಟುಬಿಡುತ್ತಾನೆ. ವಯಸ್ಸು 18ಕ್ಕೆ ಕಡಿಮೆ ಇರಬಾರದು ಎಂದು ಟೇಬಲ್ಲಿಗೆ ಚೆಕ್ ಹಾಕಿ ನೋಡಿ: 17 ಎಂದು ನಿಜ ಬರೆದವನು ಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ, ವಯಸ್ಸನ್ನೇ ಬರೆಯದವನು ರಾಜಾರೋಷವಾಗಿ ನಡೆದುಹೋಗುತ್ತಾನೆ. ಅವನನ್ನು ಹಿಡಿಯಲು ನಾಟ್ ನಲ್ ಎಂಬ ಇನ್ನೊಬ್ಬನನ್ನು ನೇಮಿಸಬೇಕು.

ಕೋಡ್ ಬರೆಯುವವರ ಭಾಷೆಗಳೂ ಕಡಿಮೆಯಿಲ್ಲ. ಪಿಎಚ್‌ಪಿಯ ಎಂಪ್ಟಿ ಫಂಕ್ಷನ್‌ಗೆ ಸೊನ್ನೆಯೂ ಖಾಲಿಯೇ. ಮಕ್ಕಳೆಷ್ಟು ಎಂಬಲ್ಲಿ 0 ಎಂದು ಪ್ರಾಮಾಣಿಕವಾಗಿ ತುಂಬಿದ ನವದಂಪತಿಗಳಿಗೆ 'ಈ ಕಾಲಂ ಕಡ್ಡಾಯ' ಎಂಬ ಆಶೀರ್ವಾದ ಸಿಗುತ್ತದೆ. ಇತ್ತ ಎಚ್‌ಟಿಎಮ್‌ಎಲ್‌ನ ರಿಕ್ವೈರ್ಡ್ ಬಲು ಸಂತೃಪ್ತ ಜೀವಿ. ಟೆಕ್ಸ್ಟ್ ಕಾಲಂನಲ್ಲಿ ಸ್ಪೇಸ್ ಬಾರ್ ಒಮ್ಮೆ ಒತ್ತಿದರೆ ಅದಕ್ಕೆ ಹೊಟ್ಟೆ ತುಂಬುತ್ತದೆ. ಟ್ರಿಮ್ ಮಾಡಿ ಎನ್ನುವಿರಿ. ಜಾವಾಸ್ಕ್ರಿಪ್ಟ್‌ನ ಟ್ರಿಮ್, ಅಗಲವೇ ಇಲ್ಲದ ಜೀರೋ-ವಿಡ್ತ್ ಸ್ಪೇಸನ್ನು ಮುಟ್ಟುವುದಿಲ್ಲ.

ಈಗ ಅತ್ಯಂತಾಭಾವ, ಅಂದರೆ ಲಾಸ್ಟ್ ನೇಮ್. ಕರ್ನಾಟಕದಲ್ಲಿ ಬಹಳ ಮಂದಿಗೆ ಅದು ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಬರುವ ಲಕ್ಷಣವೂ ಇಲ್ಲ. ಇರುವುದು ಅಪ್ಪನದೋ ಊರಿನದೋ ಒಂದು ಇನಿಷಿಯಲ್. ಕಾಡಾಚಾರ್ಯರಿಗೆ ಇದು ಹೊಳೆದಿತ್ತು. 1990ರ ಪುಸ್ತಕದಲ್ಲಿ ಅವರು 'ಇದೆ, ಆದರೆ ತಿಳಿದಿಲ್ಲ' ಎಂಬುದಕ್ಕೊಂದು, 'ಇವರಿಗೆ ಅನ್ವಯಿಸುವುದೇ ಇಲ್ಲ' ಎಂಬುದಕ್ಕೊಂದು, ಹೀಗೆ ಎರಡು ಗುರುತು ಬೇಕೆಂದರು. ಶಿಷ್ಯರು ನಮಸ್ಕಾರ ಮಾಡಿ ಒಂದೇ ನಲ್ ಇಟ್ಟುಕೊಂಡರು. ಫಾರ್ಮ್ ಮಾಡುವವರು ಅದನ್ನೂ ಕಿತ್ತು ಕಡ್ಡಾಯದ ಕೆಂಪು ನಕ್ಷತ್ರ ಅಂಟಿಸಿದರು. ಪಾಸ್‌ಪೋರ್ಟಿನಲ್ಲಿ ಮಂಜುನಾಥ ಎಂದಷ್ಟೇ ಇರುವವನಿಗೆ ಅಮೆರಿಕದ ವೀಸಾದಲ್ಲಿ ಅದೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ತಿಳಿಯದು' ಎಂದು ಅಚ್ಚಾಗುತ್ತದೆ. ಅಲ್ಲಿನ ಕಚೇರಿಗಳಲ್ಲಿ ಅವನನ್ನು 'ಫ್ನೂ' ಎಂದು ಕರೆಯುವವರೂ ಇರುತ್ತಾರೆ.

ಊರಲ್ಲಿದ್ದರೆ ಮಂಜುನಾಥ ಲಾಸ್ಟ್ ನೇಮ್ ಎಂಬಲ್ಲಿ ಒಂದು ಚುಕ್ಕಿ ಇಡುತ್ತಾನೆ. ಇದನ್ನು ಕಂಡು ಪಂಡಿತರು 'ಅಕ್ಷರ ಮಾತ್ರ' ಎಂಬ ಸೂತ್ರ ರಚಿಸುತ್ತಾರೆ. ಮಂಗಳೂರಿನ ಡಿಸೋಜರು ತಮ್ಮ ಅಪಾಸ್ಟ್ರಫಿಯ ಸಮೇತ ಹೊರಗುಳಿಯುತ್ತಾರೆ. 'ಕನಿಷ್ಠ 4 ಅಕ್ಷರ' ಎಂದು ತಿದ್ದುಪಡಿ ತಂದರೆ, ಇಂಗ್ಲಿಷಿನಲ್ಲಿ ಮೂರೇ ಅಕ್ಷರವಿರುವ ರಾವ್‌ಗಳೂ ಪೈಗಳೂ ಅವರ ಜೊತೆಗೂಡುತ್ತಾರೆ. ಮಂಜುನಾಥ ಅಷ್ಟರಲ್ಲಿ ನಾಲ್ಕು ಸಲ ಎಕ್ಸ್ ಒತ್ತಿ ಪಾಸಾಗಿರುತ್ತಾನೆ. ವರದಿಯಲ್ಲಿ ಎಲ್ಲ ಕಾಲಂಗಳೂ ನೂರಕ್ಕೆ ನೂರು ಭರ್ತಿ ಎಂದು ಬರುತ್ತದೆ. ಮಾನ್ಯ ಶ್ರೀ ಎಕ್ಸ್‌ಎಕ್ಸ್‌ಎಕ್ಸ್‌ಎಕ್ಸ್ ಅವರಿಗೆ ದೀಪಾವಳಿಯ ಶುಭಾಶಯದ ಮೇಲ್ ಹೋಗುತ್ತದೆ.