ಬೇಯದ ಕಾಳಿನ ಮೊಂಡುತನ

ಬೋರನಕಣಿವೆ ಸೀಮೆಯಲ್ಲಿ ಸೌದೆಗೆ ಬರವಿಲ್ಲ. ಮಟ್ಟೆ, ಗರಿ, ಕರಟ ಎಲ್ಲವನ್ನೂ ತೆಂಗಿನ ಮರವೇ ಒದಗಿಸುತ್ತದೆ. ಗ್ರಹಚಾರ ಕೆಟ್ಟರೆ ನೇರ ತಲೆಯ ಮೇಲೇ. ಬರವಿರುವುದು ತಾಳ್ಮೆಗೆ. ಕುಕ್ಕರ್ ಪಾಪ, ಕೂಗಿ ಕೂಗಿ ಲೆಕ್ಕ ಒಪ್ಪಿಸುತ್ತದೆ. ಪಾತ್ರೆಗೆ ಹಾಕಿದ ಹುರುಳಿಕಾಳು ಮಾತ್ರ ಹಳೇ ಸಾಲಗಾರನಂತೆ 'ಇನ್ನೊಂದು ಗಳಿಗೆ' ಎನ್ನುತ್ತಲೇ ಇರುತ್ತದೆ.

ಬೇಯದಿದ್ದರೆ ಬೈಗುಳವೆಲ್ಲ ಅಂಗಡಿಯವನಿಗೆ. ಹಳೇ ಕಾಳು ಸತಾಯಿಸುವುದು ನಿಜವೇ. ಆದರೆ ಸುವರ್ಣಮುಖಿ ನದಿಗೆ ಕಟ್ಟಿದ ಜಲಾಶಯ ಪಕ್ಕದಲ್ಲೇ ಇದ್ದರೂ ಒಲೆ ಮೇಲೆ ಕುದಿಯುವುದು ಬೋರ್‌ವೆಲ್ ನೀರಾದರೆ? ಗಡಸು ನೀರಿನ ಕ್ಯಾಲ್ಸಿಯಂ ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಅದಕ್ಕೇ ಚಿಟಿಕೆ ಅಡುಗೆ ಸೋಡ. ಇನ್ನು ಹುಣಸೆಹುಳಿ ಮೊದಲೇ ಬಿತ್ತೋ, ರಾತ್ರಿಯ ಬಸ್ಸಾರು ಮರುದಿನ ತಿಂಡಿ ಹೊತ್ತಿಗೆ! ಹಿಂದಿನ ರಾತ್ರಿಯೇ ನೆನೆಹಾಕಿ, ಹೊಸ ನೀರಿನಲ್ಲಿ ಕುದಿ ಬರಿಸಿ, ಮುಚ್ಚಳ ಓರೆಮಾಡಿ ಸಣ್ಣ ಉರಿಗೆ ಬಿಟ್ಟರೆ ಮೊಂಡುಕಾಳೂ ಮಣಿಯುತ್ತದೆ. ಪದೇ ಪದೇ ಇಣುಕುವುದರಿಂದ ಬೇಗ ಬೆಂದ ಉದಾಹರಣೆ ಇಲ್ಲ.

ಬೆಂಗಳೂರಿನ ನೆಂಟರು ತರುವ ರಾಜ್ಮಾ ಮಾತ್ರ ತಮಾಷೆಯಲ್ಲ. ಅರೆಬೆಂದರೆ ವಾಂತಿ, ಹೊಟ್ಟೆನೋವು ಬರಬಹುದು. ನೆನೆಸಿದ ಮೇಲೂ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿಯೇ ಉರಿ ತಗ್ಗಿಸಬೇಕು. ಹುರುಳಿ ಬಸಿದ ಕಟ್ಟನ್ನು ಮಾತ್ರ ಚೆಲ್ಲೀರಿ, ಜೋಕೆ. ಬಸ್ಸಾರಿನ ರುಚಿಯೆಲ್ಲ ಅದರಲ್ಲೇ ಇದೆ.