ಸತ್ತವನಿಗೆ ವಕಾಲತ್ತು ಹಾಕುವವರ್ಯಾರು?

ವಿಮಾನ ಅಪಘಾತದ ತನಿಖೆಗೆ ಇರುವುದು ಒಂದೇ ಉದ್ದೇಶ: ಇನ್ನೊಂದು ಅಪಘಾತ ಆಗದಂತೆ ನೋಡಿಕೊಳ್ಳುವುದು. ತಪ್ಪು ಯಾರದು, ಹೊಣೆ ಯಾರ ತಲೆಗೆ ಎಂಬುದು ಅದರ ಕೆಲಸವಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಅನೆಕ್ಸ್ 13 ಹೀಗೆ ಹೇಳುತ್ತದೆ. ನಮ್ಮ 2017ರ ನಿಯಮಗಳೂ ಅದನ್ನೇ ಪಾಠ ಒಪ್ಪಿಸುತ್ತವೆ. ಇಂಥ ಸಾಧು ತನಿಖೆಗೆ ವಕೀಲರು ಯಾಕೆ ಎಂದು ಕೇಳುವ ಪೈಲಟ್ ಇನ್ನೂ ಟ್ರೈನಿಂಗ್‌ನಲ್ಲಿದ್ದಾನೆ ಎಂದೇ ತಿಳಿಯಬೇಕು.

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಉರುಳಿತು. 158 ಮಂದಿ ಹೋದರು. ಕ್ಯಾಪ್ಟನ್ ದಾರಿಯ ಬಹುಪಾಲು ನಿದ್ದೆ ಹೊಡೆದಿದ್ದ. ಗೊರಕೆ ಕಾಕ್‌ಪಿಟ್ ಟೇಪಿನಲ್ಲಿ ಸಿಕ್ಕಿತು. ಇಳಿಸಬೇಡಿ, ಗೋ ಅರೌಂಡ್ ಎಂದು ಪಕ್ಕದ ಸಹಪೈಲಟ್ ಮೂರು ಸಲ ಹೇಳಿದರೂ ಕೇಳಲಿಲ್ಲ. ತಪ್ಪು ಅವನದೇ, ತಕರಾರಿಲ್ಲ. ಆದರೆ ತನಿಖಾ ವರದಿಯನ್ನು ಇನ್ನಷ್ಟು ತಿರುವಿದರೆ ಬೇರೆ ಸಂಗತಿಗಳೂ ಸಿಗುತ್ತವೆ. ಮಂಗಳೂರಿನ ರಾಡಾರ್ ಮೇ 20ರಿಂದಲೇ ಕೆಟ್ಟು ಮಲಗಿತ್ತು. ವಿಮಾನ ತಡವಾಗಿ ಕೆಳಗಿಳಿಯಲು ಅದೂ ಒಂದು ಕಾರಣ. ಡಿಕ್ಕಿಯಾದರೆ ಮುರಿದು ಬೀಳುವಂತಿರಬೇಕಾದ ಆಂಟೆನಾವನ್ನು ರನ್‌ವೇಯ ಆಚೆ ಕಾಂಕ್ರೀಟಿನ ಮೇಲೆ ನೆಟ್ಟಿದ್ದರು. ರೆಕ್ಕೆ ಅದಕ್ಕೇ ಬಡಿಯಿತು. ಏನು ಮಾಡುವುದು, ರಾಡಾರಿನ ಗೊರಕೆ ಯಾವ ಟೇಪಿನಲ್ಲೂ ದಾಖಲಾಗುವುದಿಲ್ಲ. ಕಾಂಕ್ರೀಟಂತೂ ಬಾಯೇ ಬಿಡುವುದಿಲ್ಲ.

ಕಂಪನಿಗೆ ಮಾತ್ರ ಬಾಯಿಯೂ ಇತ್ತು, ವಕೀಲರೂ ಇದ್ದರು. ಸತ್ತವರ ಕುಟುಂಬಕ್ಕೆ ಕನಿಷ್ಠ 75 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 2011ರಲ್ಲಿ ಹೇಳಿತು. ಕಂಪನಿ ಮೇಲ್ಮನವಿ ಹೋಯಿತು: ಅದು ಕನಿಷ್ಠವಲ್ಲ ಸ್ವಾಮಿ, ಎಷ್ಟು ನಷ್ಟವಾಗಿದೆಯೆಂದು ಮನೆಯವರು ಮೊದಲು ಸಾಬೀತು ಮಾಡಲಿ. ವಿಭಾಗೀಯ ಪೀಠದಲ್ಲಿ ಗೆದ್ದೂ ಬಂತು. ಮಗನನ್ನು ಕಳೆದುಕೊಂಡ ಕಾಸರಗೋಡಿನ ಅಪ್ಪ ಆ ಮಗನ ಬೆಲೆಗೆ ರಸೀದಿ ತರಬೇಕಾಯಿತು.

ಅಹಮದಾಬಾದಿನ ಕಥೆ ಇನ್ನೂ ಹಸಿ. 2025ರ ಜೂನ್ 12ರಂದು ನೆಲ ಬಿಟ್ಟ ಡ್ರೀಮ್‌ಲೈನರ್ ಗಾಳಿಯಲ್ಲಿದ್ದದ್ದು 32 ಸೆಕೆಂಡು. ಸತ್ತವರು 260 ಮಂದಿ. ಎರಡೂ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಕಟಾಫ್‌ಗೆ ಹೋದವೆಂದು ಪ್ರಾಥಮಿಕ ವರದಿ ಹೇಳಿತು. ಯಾಕೆ ಆಫ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದ, ನಾನು ಮಾಡಿಲ್ಲ ಎಂದು ಇನ್ನೊಬ್ಬ ಅಂದ. ಯಾರು ಕೇಳಿದ್ದು, ಯಾರು ಅಂದದ್ದು ಎಂಬುದನ್ನು ವರದಿ ಬರೆಯಲಿಲ್ಲ. ಆ ಬಿಟ್ಟ ಸ್ಥಳವನ್ನು ಟಿವಿ ಸ್ಟುಡಿಯೋಗಳು ಅಂದೇ ಭರ್ತಿ ಮಾಡಿದವು, ಕೋಟು ಹಾಕಿಕೊಂಡು. ಇಳಿವಯಸ್ಸಿನಲ್ಲಿ ಕ್ಯಾಪ್ಟನ್‌ನ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನಿಮ್ಮ ಮಗನನ್ನು ಯಾರೂ ದೂಷಿಸುವಂತಿಲ್ಲ ಎಂದು ನವೆಂಬರಿನಲ್ಲಿ ನ್ಯಾಯಮೂರ್ತಿಗಳು ಸಮಾಧಾನ ಹೇಳಿದರು. ದೂಷಿಸಿ ಮುಗಿಸಿದವರು ಅಷ್ಟರಲ್ಲಿ ಬೇರೆ ಚರ್ಚೆಯಲ್ಲಿದ್ದರು.

ಮರುತಿಂಗಳೇ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ ಬರುತ್ತದೆಂದು ಮೊದಲೇ ಗೊತ್ತಿತ್ತು, ಸಿದ್ಧತೆ ಸಾಲದಾಯಿತು. ವಿಮಾನಯಾನ ನಿಯಂತ್ರಕ ಡಿಜಿಸಿಎ ಶೋಕಾಸ್ ನೋಟಿಸ್ ಕೊಟ್ಟಿತು. ಕಂಪನಿಯ ಉತ್ತರ ಓದಿ ನಾನು ತಲೆದೂಗಿದೆ: ನಮ್ಮ ಕಾರ್ಯಾಚರಣೆ ಬಹಳ ದೊಡ್ಡದು, ಜಟಿಲವಾದದ್ದು, ಇಂಥದ್ದೇ ಕಾರಣ ಎಂದು ಈಗಲೇ ಬೊಟ್ಟು ಮಾಡುವುದು ವಾಸ್ತವದಲ್ಲಿ ಸಾಧ್ಯವಿಲ್ಲ, ಉತ್ತರಕ್ಕೆ 15 ದಿನ ಇದೆಯೆಂದು ನಿಮ್ಮದೇ ಕೈಪಿಡಿ ಹೇಳುತ್ತದಲ್ಲ! ಎಂಥ ಪಕ್ವವಾದ ಮಾತು. ಜೀವಂತ ಇದ್ದು, ಸಂಬಳ ಕೊಟ್ಟು ವಕೀಲರನ್ನು ಸಾಕಿದವರಿಗೆ ಮಾತ್ರ ಹೊಳೆಯುವಂಥದ್ದು.

ಪೈಲಟ್ ಆಗಹೊರಟ ಹುಡುಗ ಹುಡುಗಿಯರಿಗೆ ಬಿಟ್ಟಿ ಸಲಹೆ: ಲೈಸೆನ್ಸ್ ಕೈಗೆ ಬಂದ ದಿನವೇ ವಕಾಲತ್ತುನಾಮೆಯೊಂದಕ್ಕೆ ಸಹಿ ಹಾಕಿ ಮನೆಯ ಬೀರುವಿನಲ್ಲಿಡಿ. ಕಕ್ಷಿದಾರ ತೀರಿಕೊಂಡರೆ ವಕಾಲತ್ತೂ ತೀರಿಕೊಳ್ಳುತ್ತದೆ ಎಂದು ಕಾನೂನು ಬಲ್ಲವರು ಹೇಳುತ್ತಾರೆ. ಇರಲಿ, ಆದರೂ ಇಡಿ. ಅಪ್ಪ ದೆಹಲಿಗೆ ಹೊರಟಾಗ ಕೈಯಲ್ಲಿ ಏನಾದರೊಂದು ಕಾಗದ ಬೇಕಲ್ಲ.