ಹಳೆ ಸುಷಿರವಾದ್ಯ ವಿಕ್ರಯ ಮೀಮಾಂಸೆ

ಭರತಮುನಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಮಾಡಿ ಕೈತೊಳೆದುಕೊಂಡನು. ಐದನೆಯದನ್ನು ಕಂಡುಹಿಡಿದ ಕೀರ್ತಿ ಹಳೆ ಸಾಮಾನು ಮಾರಿಸುವ ಆ್ಯಪ್‌ಗಳದು. ಅದರ ಹೆಸರು ‘ಇತರೆ’. ಮಂಗಳೂರು ಸೀಮೆಯಲ್ಲಿ ಹಳೆಯ ಸ್ಯಾಕ್ಸೋಫೋನು ಬೇಕೆಂಬ ಜಿಜ್ಞಾಸು ಈ ‘ಇತರೆ’ಯೊಳಗೆ ಇಳಿದು, ಟ್ರೆಡ್‌ಮಿಲ್ಲನ್ನೂ ಮಗುವಿನ ತೊಟ್ಟಿಲನ್ನೂ ದಾಟಿ ಹೋಗತಕ್ಕದ್ದು.

ಮಂಗಳೂರೇ ಏಕೆಂದರೆ ಕಾರಣವುಂಟು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟು ಪಡೆದ ಈ ವಾದ್ಯವನ್ನು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕೇಳಿ ಮರುಳಾದವರು ಇದೇ ಸೀಮೆಯ ಸಜೀಪದ ನಾಗಸ್ವರದ ಮನೆಯ ಕದ್ರಿ ಗೋಪಾಲನಾಥ್. ಅದರಿಂದ ಗಮಕ ಹೊರಡಿಸಿ 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿಬಂದರು. ಕರಾವಳಿಯ ಮದುವೆ, ರಥೋತ್ಸವಗಳಲ್ಲಿ ನಾಗಸ್ವರದ ಪಕ್ಕಕ್ಕೆ, ಆಮೇಲೆ ನಾಗಸ್ವರದ ಜಾಗಕ್ಕೇ ಸ್ಯಾಕ್ಸೋಫೋನು ಬಂದು ಕೂತಿತು. ನಮ್ಮ ಮಗನೂ ಊದಲಿ ಎಂದು ಎಷ್ಟೋ ಅಪ್ಪಂದಿರು ಕೊಂಡರು. ಮಗ ಊದಲಿಲ್ಲ. ಹಳೆ ವಾದ್ಯದ ಪೇಟೆಗೆ ಇದೇ ಮೂಲಧಾತು.

ಜಾಹೀರಾತುಗಳು ಸೂತ್ರರೂಪದಲ್ಲಿರುವುದರಿಂದ ಭಾಷ್ಯ ಬೇಕಾಗುತ್ತದೆ. ‘ಕಡಿಮೆ ಬಳಕೆ’ ಎಂದರೆ ಪಕ್ಕದ ಮನೆಯವರು ಮಾತುಬಿಟ್ಟಿದ್ದಾರೆ. ‘ಜಾಗದ ಅಭಾವದಿಂದ’ ಎಂದರೆ ಹೆಂಡತಿ ಮಾತಾಡಿದ್ದಾರೆ. ಬಿದಿರು ಕೊಳಲಿನ ಬಗ್ಗೆ ‘ಅಂದಕ್ಕೆ ದಾರ ಸುತ್ತಿದೆ’ ಎಂದಿದ್ದರೆ ದಾರದಡಿ ಬಿರುಕು ಇದೆ. ‘ಸಣ್ಣ ಸರ್ವಿಸ್ ಮಾಡಿಸಿದರೆ ಹೊಸದರಂತೆ’ ಎಂಬುದು ಅತ್ಯಂತ ಗಹನವಾದ ಸೂತ್ರ. ಸ್ಯಾಕ್ಸೋಫೋನಿನ ತೂತುಗಳನ್ನು ಮುಚ್ಚುವುದು ಚರ್ಮದ ಪ್ಯಾಡುಗಳು. ಅವು ಒಣಗಿ ಗಟ್ಟಿಯಾಗಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಕೆಳಗಿನ ಸ್ವರಗಳು ಬಾಯಿಬಿಡವು. ಕೊಳವೆಯೊಳಗೆ ಬಲ್ಬು ಇಳಿಸಿ ಕತ್ತಲಲ್ಲಿ ನೋಡಿದರೆ ಸಂದಿಯಿಂದ ಬೆಳಕು ಸೋರುವುದು ಕಾಣುತ್ತದೆ. ಆದಕಾರಣ ಫೋಟೋವನ್ನು ನಡುಮಧ್ಯಾಹ್ನದ ಬಿಸಿಲಲ್ಲೇ ತೆಗೆಯುವ ಸಂಪ್ರದಾಯವಿದೆ.

ಶಾಸನತಜ್ಞರಿಗೂ ಇಲ್ಲಿ ಕೆಲಸವುಂಟು. ಫ್ರಾನ್ಸಿನ ಸೆಲ್ಮರ್ ಕಂಪನಿ 1954ರಿಂದ ತಯಾರಿಸಿದ ಮಾರ್ಕ್ 6 ಸ್ಯಾಕ್ಸೋಫೋನುಗಳಲ್ಲಿ ಸೀರಿಯಲ್ ನಂಬರು ಐದಂಕಿಯದೋ ಆರಂಕಿಯದೋ ಎಂಬುದರ ಮೇಲೆ ಹೊರದೇಶಗಳಲ್ಲಿ ಬೆಲೆ ಏರಿಳಿಯುತ್ತದೆ. ನಮ್ಮಲ್ಲಿನ ಫೋಟೋಗಳಲ್ಲಿ ಆ ಶಾಸನದ ಮೇಲೆ ಮಾರುವವನ ಹೆಬ್ಬೆರಳು ಇರುವುದರಿಂದ ಕಾಲನಿರ್ಣಯ ಸಾಧ್ಯವಾಗಿಲ್ಲ.

ಇನ್ನು ಎಂಜಲು ಪ್ರಕರಣ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ನಾಡಿನಲ್ಲಿ, ಪರರು ಕಚ್ಚಿ ಊದಿದ ಮೌತ್‌ಪೀಸನ್ನು ದುಡ್ಡು ಕೊಟ್ಟು ಬಾಯಿಗಿಟ್ಟುಕೊಳ್ಳುವುದು ಹೇಗೆ ಎಂಬುದು ಪೂರ್ವಪಕ್ಷ. ಶಬರಿ ಕಚ್ಚಿ ನೋಡಿದ ಹಣ್ಣನ್ನು ಶ್ರೀರಾಮ ತಿನ್ನಲಿಲ್ಲವೇ ಎಂಬುದು ಮಾರುವವನ ಸಿದ್ಧಾಂತ. ಶಬರಿ ಹಣ್ಣಿಗೆ ಹದಿನೈದು ಸಾವಿರ ಕೇಳಿರಲಿಲ್ಲ ಎಂಬುದು ಕೊಳ್ಳುವವನ ಖಂಡನೆ. ಇಷ್ಟರಲ್ಲಿ ಮನೆಯ ಅಜ್ಜಿ ಮೌತ್‌ಪೀಸನ್ನು ಎತ್ತಿಕೊಂಡು ಹೋಗಿ ಕುದಿಯುವ ನೀರಿಗೆ ಹಾಕಿರುತ್ತಾರೆ. ಅದೋ ಎಬೊನೈಟು, ಅಂದರೆ ಗಂಧಕ ಕೂಡಿಸಿ ಗಟ್ಟಿ ಮಾಡಿದ ರಬ್ಬರು. ಹೊರತೆಗೆದಾಗ ಮಿರುಗುವ ಕಪ್ಪು ಹೋಗಿ ಪಾಚಿಯ ಬಣ್ಣ ಬಂದಿರುತ್ತದೆ. ಅಡಿಗೆಮನೆಯೆಲ್ಲ ಪಟಾಕಿ ಹೊಡೆದ ವಾಸನೆ. ಮಡಿ ಉಳಿಯಿತು, ಮಾಲು ಕೆಟ್ಟಿತು. ತಣ್ಣೀರು, ಒಂಚೂರು ಸೋಪು, ಮೆತ್ತನೆಯ ಬ್ರಷ್ಷು ಸಾಕೆಂದು ಪ್ರಬಂಧಕಾರನ ಮತ; ಅಜ್ಜಿಯರ ಸಭೆಯಲ್ಲಿ ಇದಕ್ಕೆ ಮನ್ನಣೆ ಸಿಕ್ಕಿಲ್ಲ. ‘ಜೊತೆಗೆ ಹಳೆ ರೀಡು ಉಚಿತ’ ಎಂಬ ಔದಾರ್ಯವನ್ನು ಮಾತ್ರ ಯಾವ ಮತದವರೂ ಸ್ವೀಕರಿಸಬಾರದು.

ಕೊಳ್ಳುವವರಲ್ಲಿ ಪಂಥಗಳು ಹಲವು. ‘ಲಾಸ್ಟ್ ಎಷ್ಟು?’ ಪಂಥದವರು ಮೊದಲ ಪ್ರಶ್ನೆಗೇ ಮೋಕ್ಷ ಬಯಸುವವರು. ವಾದ್ಯ ಯಾವುದೆಂದು ಕೇಳುವುದಿಲ್ಲ. ತಾನು ಸೈನ್ಯದಲ್ಲಿದ್ದೇನೆ, ಕ್ಯೂಆರ್ ಕೋಡು ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ ಎನ್ನುವವನು ಮಾಯಾವಾದಿ. ಹಣ ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೇ ಬೇಕು.

ಗುಜರಿ ಪಂಥ ಇವರೆಲ್ಲರಿಗಿಂತ ಪ್ರಾಮಾಣಿಕ. ಹಿತ್ತಾಳೆ ಎಷ್ಟು ಕೆ.ಜಿ. ಇದೆ ಎಂದು ನೇರವಾಗಿ ಕೇಳುತ್ತದೆ. ಮೈ ಹಿತ್ತಾಳೆಯದಾದರೂ ರೀಡಿನಿಂದ ನಾದ ಹುಟ್ಟುವುದರಿಂದ ಪಾಶ್ಚಾತ್ಯ ಪಂಡಿತರು ಇದನ್ನು ಮರದ ವಾದ್ಯಗಳ ಸಾಲಿಗೇ ಸೇರಿಸಿದ್ದಾರೆ ಎಂದು ನಾವು ಸಪ್ರಮಾಣವಾಗಿ ವಾದಿಸಿದರೆ, ಆಚೆಯಿಂದ ಸಮಾಧಾನದ ಉತ್ತರ ಬರುತ್ತದೆ: “ಹೌದಾ? ಹಾಗಾದ್ರೆ ಕಟ್ಟಿಗೆ ರೇಟೇ ಹಾಕ್ಬೇಕಾಗ್ತದೆ ಮಾರಾಯ್ರೆ.”